ಕರೆಂಟ್ ಕಂಪನಿ ಯಾರ ಮುಂದೆ ಏನು ಕೇಳುತ್ತದೆ?

2025ರ ಏಪ್ರಿಲ್‌ನಿಂದ ಮನೆಯ ಕರೆಂಟ್ ಬಿಲ್ಲಿನಲ್ಲಿ ಮೂರು ಅಂಕಿ ಬದಲಾದವು. ಯೂನಿಟ್ ದರ 5 ರೂಪಾಯಿ 90 ಪೈಸೆ ಇದ್ದದ್ದು 5 ರೂಪಾಯಿ 80 ಪೈಸೆ ಆಯಿತು. ಮಂಜೂರಾದ ಲೋಡಿನ ಮೇಲೆ ಕಿಲೋವ್ಯಾಟಿಗೆ ಇಷ್ಟು ಎಂದು ಕಟ್ಟುವ ನಿಗದಿತ ಶುಲ್ಕ 120 ರೂಪಾಯಿಯಿಂದ 145ಕ್ಕೆ ಏರಿತು. ನೌಕರರ ಪಿಂಚಣಿ, ಗ್ರಾಚ್ಯುಟಿ ಬಾಬ್ತು ಯೂನಿಟ್ಟಿಗೆ 36 ಪೈಸೆ ಹೊಸದಾಗಿ ಸೇರಿತು. ಹುಬ್ಬಳ್ಳಿ-ಧಾರವಾಡದಲ್ಲಿ ಜನ ಸಿಟ್ಟಿಗೆದ್ದದ್ದು, ಮಾತಾಡಿಕೊಂಡದ್ದು ಹೆಚ್ಚಾಗಿ ಈ 36 ಪೈಸೆಯ ಬಗ್ಗೆ. ಮೊದಲಿನ ಎರಡು ಅಂಕಿಗಳ ಕಡೆ ಜಾಸ್ತಿ ಜನ ನೋಡಲಿಲ್ಲ. ನನ್ನ ಪ್ರಕಾರ ಹವಾಮಾನ ನೀತಿ ಅಡಗಿ ಕೂತಿರುವುದು ಆ ಎರಡರಲ್ಲೇ.

ಒಂದು ಸಣ್ಣ ಲೆಕ್ಕ ಹಾಕೋಣ. ಕೇಶ್ವಾಪುರದಲ್ಲಿ ಅಕ್ಕಪಕ್ಕ ಎರಡು ಮನೆ ಅಂದುಕೊಳ್ಳಿ. ಎರಡಕ್ಕೂ 3 ಕಿಲೋವ್ಯಾಟ್ ಲೋಡ್, ಎರಡರಲ್ಲೂ ತಿಂಗಳಿಗೆ 300 ಯೂನಿಟ್ ಬಳಕೆ. ಒಂದು ಮನೆಯ ಚಾವಣಿ ಮೇಲೆ 2 ಕಿಲೋವ್ಯಾಟ್ ಸೋಲಾರ್ ಇದೆ. ಅದರಿಂದ 240 ಯೂನಿಟ್ ಬರುತ್ತದೆ, ಉಳಿದ 60 ಯೂನಿಟ್ಟಿಗೆ ಮಾತ್ರ ದುಡ್ಡು ಕಟ್ಟಬೇಕು. ತೆರಿಗೆ, ಸರ್‌ಚಾರ್ಜ್ ಬದಿಗಿಟ್ಟರೆ, ಸೋಲಾರ್ ಇಲ್ಲದ ಮನೆಯ ಬಿಲ್ 2,130 ರೂಪಾಯಿಯಿಂದ 2,175ಕ್ಕೆ ಏರಿತು. 45 ರೂಪಾಯಿ ಜಾಸ್ತಿ, ಶೇಕಡಾ ಎರಡರಷ್ಟು. ಸೋಲಾರ್ ಇರುವ ಮನೆಯ ಬಿಲ್ 714ರಿಂದ 783ಕ್ಕೆ ಏರಿತು. 69 ರೂಪಾಯಿ ಜಾಸ್ತಿ, ಶೇಕಡಾ ಹತ್ತರ ಹತ್ತಿರ. ಪಿಂಚಣಿಯ 36 ಪೈಸೆ ಸೇರಿಸಿದರೆ ಸೋಲಾರ್ ಇಲ್ಲದ ಮನೆಗೆ ಭಾರ ಇನ್ನೂ ಜಾಸ್ತಿ ಆಗುತ್ತದೆ, ನಿಜ. ಆದರೆ ನಾನು ಕೇಳುತ್ತಿರುವುದು ದರದ ಕಟ್ಟಡ ಯಾವ ಕಡೆ ವಾಲುತ್ತಿದೆ ಅಂತ. ಯೂನಿಟ್ ದರ ಇಳಿದು ನಿಗದಿತ ಶುಲ್ಕ ಏರಿದಷ್ಟೂ, ಸೋಲಾರ್ ಹಾಕಿಸಿಕೊಂಡವರಿಗೂ, ಹಳೇ ಫ್ಯಾನ್ ತೆಗೆದು ಕಡಿಮೆ ಉರಿಸುವ ಫ್ಯಾನ್ ಹಾಕಿದವರಿಗೂ ಆಗುವ ಉಳಿತಾಯ ಕಮ್ಮಿ ಆಗುತ್ತದೆ.

ಈ ಬದಲಾವಣೆ ತಾನಾಗಿ ಆದದ್ದಲ್ಲ. ನಿಗದಿತ ಶುಲ್ಕ ಏರಿಸಿ ಎಂದು ರಾಜ್ಯದ ವಿದ್ಯುತ್ ಸರಬರಾಜು ಕಂಪನಿಗಳು, ಅಂದರೆ ಎಸ್ಕಾಂಗಳು, ವರ್ಷಗಳಿಂದ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗದ ಮುಂದೆ ಕೇಳುತ್ತಾ ಬಂದಿವೆ. ಅಮೆರಿಕದ ಕಂಪನಿಗಳು ಕೇಳಿದ್ದೂ ಇದನ್ನೇ. ಅಲ್ಲಿನ ಖಾಸಗಿ ವಿದ್ಯುತ್ ಕಂಪನಿಗಳ ಸಂಘವಾದ ಎಡಿಸನ್ ಎಲೆಕ್ಟ್ರಿಕ್ ಇನ್‌ಸ್ಟಿಟ್ಯೂಟ್ 2013ರಲ್ಲಿ ಒಂದು ವರದಿ ಹೊರತಂದಿತು. ಚಾವಣಿ ಸೋಲಾರ್ ಹೀಗೇ ಹಬ್ಬಿದರೆ ನಮ್ಮ ಆದಾಯಕ್ಕೇ ಕುತ್ತು ಎಂದು ಅದು ಎಚ್ಚರಿಸಿತು. ಅದು ಕೊಟ್ಟ ಸಲಹೆಗಳಲ್ಲಿ ಒಂದು, ತಿಂಗಳ ನಿಗದಿತ ಶುಲ್ಕ ಏರಿಸುವುದು.

ಲಾಬಿ ಅಂದ ಕೂಡಲೇ ನಮಗೆ ಸೂಟ್‌ಕೇಸು, ದೆಹಲಿಯ ಹೋಟೆಲ್ಲು ನೆನಪಾಗುತ್ತವೆ. ಅಂಥದ್ದೂ ಇದೆ. ಅಮೆರಿಕದ ಒಹಾಯೊ ರಾಜ್ಯದಲ್ಲಿ 2019ರಲ್ಲಿ ಹೌಸ್ ಬಿಲ್ 6 ಎಂಬ ಕಾನೂನು ಪಾಸಾಯಿತು. ನಷ್ಟದಲ್ಲಿದ್ದ ಎರಡು ಅಣು ಸ್ಥಾವರಗಳಿಗೂ ಎರಡು ಹಳೇ ಕಲ್ಲಿದ್ದಲು ಸ್ಥಾವರಗಳಿಗೂ ಜನರ ಬಿಲ್ಲಿನಿಂದ ದುಡ್ಡು ಕೊಡಿಸುವ ಕಾನೂನು ಅದು. ಗಾಳಿ ಮತ್ತು ಬಿಸಿಲಿನ ವಿದ್ಯುತ್ತಿಗೆ ಇದ್ದ ಗುರಿಗಳನ್ನೂ ಅದೇ ಕಾನೂನು ಕತ್ತರಿಸಿತು. ಹಿಂದೆ ಇದ್ದದ್ದು ಫಸ್ಟ್‌ಎನರ್ಜಿ ಎಂಬ ಕಂಪನಿ ಮತ್ತು ಸುಮಾರು 6 ಕೋಟಿ ಡಾಲರ್ ಲಂಚ. ಕಂಪನಿ 23 ಕೋಟಿ ಡಾಲರ್ ದಂಡಕ್ಕೆ ಒಪ್ಪಿಕೊಂಡಿತು. ಅಲ್ಲಿನ ಶಾಸನಸಭೆಯ ಸ್ಪೀಕರ್ ಆಗಿದ್ದ ಲ್ಯಾರಿ ಹೌಸ್‌ಹೋಲ್ಡರ್‌ಗೆ 2023ರಲ್ಲಿ 20 ವರ್ಷ ಜೈಲಾಯಿತು.

ನಮ್ಮಲ್ಲಿ ದುಡ್ಡಿನ ಈ ಬಾಗಿಲು ಮುಚ್ಚಿದೆ ಅಂತ ಹೇಳಲಾರೆ. 2024ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಚುನಾವಣಾ ಬಾಂಡ್ ರದ್ದು ಮಾಡಿ ಪಟ್ಟಿ ಹೊರಗೆ ತರಿಸಿತಲ್ಲ, ಅದರಲ್ಲಿ ಪಶ್ಚಿಮ ಬಂಗಾಳದ ಕಲ್ಲಿದ್ದಲು ಸ್ಥಾವರದ ಕಂಪನಿ ಹಲ್ದಿಯಾ ಎನರ್ಜಿ 377 ಕೋಟಿ ರೂಪಾಯಿ ಬಾಂಡ್ ಕೊಂಡದ್ದು ಕಾಣುತ್ತದೆ. ಉತ್ತರ ಪ್ರದೇಶದ ಒಂದು ವಿದ್ಯುತ್ ಪ್ರಸರಣ ಕಂಪನಿ 220 ಕೋಟಿಯ ಬಾಂಡ್ ಕೊಂಡಿದೆ. ಬಾಂಡ್ ಕೊಂಡ ಮಾತ್ರಕ್ಕೆ ನೀತಿಯನ್ನೇ ಕೊಂಡಂತೆ ಆಗುವುದಿಲ್ಲ. ಆದರೆ ಯಾವ ಕಂಪನಿ ಯಾವ ಮಂತ್ರಿಯನ್ನು ಯಾವ ವಿಷಯಕ್ಕೆ ಭೇಟಿ ಮಾಡಿತು ಎಂದು ನೋಂದಾಯಿಸುವ ಕಾನೂನೇ ನಮ್ಮ ದೇಶದಲ್ಲಿಲ್ಲ. ಹಾಗಾಗಿ ಪತ್ತೆ ಹಚ್ಚಲು ದಾರಿಯೂ ಇಲ್ಲ.

ನಮ್ಮ ಭಾಗದ ಎಸ್ಕಾಂ ಆದ ಹೆಸ್ಕಾಂನ ಕಥೆ ಇದಕ್ಕಿಂತ ಬೇರೆ. ಹುಬ್ಬಳ್ಳಿಯ ನವನಗರದಲ್ಲಿ ಮುಖ್ಯ ಕಚೇರಿ ಇರುವ ಈ ಕಂಪನಿ 2002ರಲ್ಲಿ ಶುರುವಾಯಿತು. ಧಾರವಾಡ, ಗದಗ, ಹಾವೇರಿ, ಬೆಳಗಾವಿ, ವಿಜಯಪುರ, ಬಾಗಲಕೋಟೆ, ಉತ್ತರ ಕನ್ನಡ ಇದರ ವ್ಯಾಪ್ತಿ. ಮಾಲೀಕರು ರಾಜ್ಯ ಸರ್ಕಾರ. ಅದು ಚುನಾವಣೆಗೆ ದುಡ್ಡು ಕೊಡುವ ಕಂಪನಿ ಅಲ್ಲ. ಅದಕ್ಕೆ ಲಾಬಿಗಾರರೂ ಬೇಕಾಗಿಲ್ಲ. ಬೆಂಗಳೂರಿನಲ್ಲಿ ಆಯೋಗದ ಮುಂದೆ ಅರ್ಜಿ ಹಾಕುತ್ತದೆ. ಇಂಧನ ಇಲಾಖೆಗೆ ಪತ್ರ ಬರೆಯುತ್ತದೆ. ಇಲಾಖೆ ದೆಹಲಿಗೆ ಬರೆಯುತ್ತದೆ. ದೆಹಲಿಯ ಕರಡು ನಿಯಮಗಳಿಗೆ ರಾಜ್ಯದ ಅಭಿಪ್ರಾಯ ಅಂತ ಹೋಗುವುದು ಬಹುಮಟ್ಟಿಗೆ ಎಸ್ಕಾಂಗಳು ಕೊಟ್ಟ ಲೆಕ್ಕವೇ. ಇದೆಲ್ಲ ಕಾನೂನುಬದ್ಧ, ಅರ್ಧಕ್ಕರ್ಧ ಬಹಿರಂಗವೂ ಹೌದು. ಆದರೂ ಇದು ಲಾಬಿಯೇ. ಒಂದು ಸಂಸ್ಥೆ ತನ್ನ ಆದಾಯ ಉಳಿಸಿಕೊಳ್ಳಲು ನಿಯಮ ಬದಲಿಸಿ ಎಂದು ಕೇಳುವುದಕ್ಕೆ ಬೇರೆ ಹೆಸರಿಲ್ಲ.

ಹಾಗೆ ಯಾಕೆ ಕೇಳುತ್ತದೆ? ಕಂಪನಿಯ ಜೇಬು ನೋಡಿದರೆ ಗೊತ್ತಾಗುತ್ತದೆ. ನಮ್ಮ ಭಾಗದಲ್ಲಿ ಮಾರಾಟವಾಗುವ ವಿದ್ಯುತ್ತಿನ ಬಹುದೊಡ್ಡ ಪಾಲು ನೀರಾವರಿ ಪಂಪ್‌ಸೆಟ್ಟಿಗೆ ಹೋಗುತ್ತದೆ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟ್ ಉಚಿತ, ದುಡ್ಡು ಸರ್ಕಾರ ಕೊಡಬೇಕು. 2023ರಿಂದ ಗೃಹಜ್ಯೋತಿ ಬಂದಿದೆ, ಅದರ ದುಡ್ಡನ್ನೂ ಸರ್ಕಾರವೇ ಕೊಡಬೇಕು. ವಿದ್ಯುತ್ ಕಾಯ್ದೆಯ 65ನೇ ಕಲಂ ಪ್ರಕಾರ ಸಹಾಯಧನ ಮುಂಗಡವಾಗಿ ಬರಬೇಕು. ಯಾವಾಗಲೂ ಹಾಗೆ ಬರುವುದಿಲ್ಲ. ಬೀದಿ ದೀಪ, ನೀರು ಸರಬರಾಜು ಅಂತ ಪಂಚಾಯಿತಿ, ಪುರಸಭೆಗಳ ಬಾಕಿ ಬೇರೆ. ಕೈಗೆ ನಗದು ಕೊಡುವವರು ಗೋಕುಲ ರೋಡಿನ, ತಾರಿಹಾಳದ ಕಾರ್ಖಾನೆಗಳು, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶ, ಬ್ಯಾಡಗಿಯ ಕೋಲ್ಡ್ ಸ್ಟೋರೇಜುಗಳು, ಆಸ್ಪತ್ರೆ, ಹೋಟೆಲ್ಲು, ಮತ್ತೆ ಜಾಸ್ತಿ ಉರಿಸುವ ಮನೆಗಳು. ಕಂಪನಿಗೆ ಬೀಳುವ ಖರ್ಚಿಗಿಂತ ಜಾಸ್ತಿ ದರ ಕಟ್ಟುತ್ತಾ ಬಂದ ದೊಡ್ಡ ಗ್ರಾಹಕರು ಇವರಲ್ಲೇ ಇದ್ದಾರೆ.

ಸೋಲಾರ್ ಹಾಕಿಸುವ ಶಕ್ತಿ ಇರುವವರೂ ಇವರೇ. ಗಾಳಿಯಂತ್ರದವರ ಹತ್ತಿರ ನೇರವಾಗಿ ವಿದ್ಯುತ್ ಕೊಳ್ಳುವವರೂ ಇವರೇ. ಒಬ್ಬೊಬ್ಬರೇ ಜಾರಿಕೊಂಡರೆ ಉಳಿಯುವುದು ಉಚಿತ ಬಳಕೆದಾರರು ಮತ್ತು ಸರ್ಕಾರದ ಬಾಕಿ. ಖರ್ಚು ಮಾತ್ರ ಕಮ್ಮಿ ಆಗುವುದಿಲ್ಲ. ಯಾಕೆಂದರೆ ಕಲ್ಲಿದ್ದಲು ಸ್ಥಾವರಗಳ ಜೊತೆ 25 ವರ್ಷದ ಒಪ್ಪಂದ ಆಗಿರುತ್ತದೆ. ವಿದ್ಯುತ್ ತಗೊಂಡರೂ ಬಿಟ್ಟರೂ ಸ್ಥಾವರ ತಯಾರಿದ್ದರೆ ಅದರ ಸ್ಥಿರ ವೆಚ್ಚ ಕಟ್ಟಲೇಬೇಕು. ಮಧ್ಯಾಹ್ನ ಬಿಸಿಲಿನ ವಿದ್ಯುತ್ ತುಂಬಿ ತುಳುಕುವಾಗ ಕಲ್ಲಿದ್ದಲು ಸ್ಥಾವರ ತಗ್ಗಿಸಿ ಓಡಿಸಿದರೂ ಆ ಬಿಲ್ ಬರುತ್ತದೆ. ಕಂಪನಿಯ ಹಣಕಾಸು ವಿಭಾಗದವರು ಸೋಲಾರ್ ಚಾವಣಿ ನೋಡಿದಾಗ ಅವರಿಗೆ ಮೊದಲು ನೆನಪಾಗುವುದು ಇದೇ.

ಈ ಭಯ ಸುಳ್ಳಲ್ಲ. ಸೋಲಾರ್ ಇರುವ ಮನೆಗೂ ರಾತ್ರಿ ಕರೆಂಟ್ ಬೇಕು, ಟಿಸಿ (ಓಣಿಯ ಟ್ರಾನ್ಸ್‌ಫಾರ್ಮರ್) ಬೇಕು, ಮಳೆಯಲ್ಲಿ ಕಂಬ ಹತ್ತುವ ಲೈನ್‌ಮನ್ ಬೇಕು. ಅದರ ಖರ್ಚನ್ನು ಅವರೂ ಹೊರಬೇಕು ಎಂಬ ವಾದದಲ್ಲಿ ನ್ಯಾಯ ಇದೆ. ನನ್ನ ತಕರಾರು ಇರುವುದು, ಆ ಖರ್ಚು ಎಷ್ಟು ಎಂಬ ಲೆಕ್ಕವನ್ನು ಕಂಪನಿಯೊಂದೇ ಬರೆಯುವುದಕ್ಕೆ. ಹಗಲು ಹೊತ್ತಿನಲ್ಲಿ ಅದೇ ಓಣಿಯಲ್ಲಿ ಹುಟ್ಟಿ ಅದೇ ಓಣಿಯಲ್ಲಿ ಖರ್ಚಾಗುವ ವಿದ್ಯುತ್ತಿನಿಂದ ದೂರದ ಲೈನಿನ ನಷ್ಟ ಉಳಿಯುತ್ತದೆ. ಟಿಸಿ ಮೇಲಿನ ಭಾರ ಇಳಿಯುತ್ತದೆ. ಆ ಲಾಭವನ್ನು ಚಾವಣಿ ಮಾಲೀಕನ ಹೆಸರಿಗೆ ಯಾರು ಜಮಾ ಮಾಡುತ್ತಾರೆ? ಅದೂ ಲೆಕ್ಕಕ್ಕೆ ಬರಬೇಕಲ್ವಾ?

ಗದಗ ಕಡೆ ಬನ್ನಿ. ಕಪ್ಪತಗುಡ್ಡದ ಸಾಲಿನಲ್ಲಿ, ಮುಂಡರಗಿ, ಗಜೇಂದ್ರಗಡದ ಸುತ್ತ ಗಾಳಿಯಂತ್ರಗಳು ತಿರುಗುವುದನ್ನು ನೋಡದವರು ಈ ಭಾಗದಲ್ಲಿ ಕಮ್ಮಿ. 2024-25ರಲ್ಲಿ ಕರ್ನಾಟಕ 1,331 ಮೆಗಾವ್ಯಾಟ್ ಹೊಸ ಪವನ ವಿದ್ಯುತ್ ಸೇರಿಸಿ ದೇಶದಲ್ಲೇ ಮೊದಲ ಸ್ಥಾನದಲ್ಲಿತ್ತು. ಈ ಗಾಳಿಯ ಸುತ್ತ ನಡೆದ ಜಗಳದ ಹೆಸರು ಬ್ಯಾಂಕಿಂಗ್. ಕಂಪನಿಗಳ ಲಾಬಿ ಹೇಗೆ ನಡೆಯುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಗಾಳಿ ಜೋರಾಗಿ ಬೀಸುವುದು ಮುಂಗಾರಿನಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಕಾರ್ಖಾನೆಗೆ ಕರೆಂಟ್ ವರ್ಷವಿಡೀ ಬೇಕು. ಹಾಗಾಗಿ ಮಳೆಗಾಲದಲ್ಲಿ ಮಿಕ್ಕಿದ ಯೂನಿಟ್ಟುಗಳನ್ನು ಎಸ್ಕಾಂ ಖಾತೆಗೆ ಜಮಾ ಮಾಡಿ, ಬೇಸಿಗೆಯಲ್ಲಿ ತಿರುಗಿ ತಗೊಳ್ಳಲು ಕರ್ನಾಟಕ ಅವಕಾಶ ಕೊಟ್ಟಿತ್ತು. ಇಡೀ ವರ್ಷದ ಅವಧಿ, ನೂರಕ್ಕೆ ಎರಡು ಯೂನಿಟ್ ಶುಲ್ಕ. ಸುಗ್ಗಿಯಲ್ಲಿ ಹಗೇವಿಗೆ ಜೋಳ ಹಾಕಿ ಬೇಸಿಗೆಯಲ್ಲಿ ತೆಗೆದಂತೆ. ವ್ಯತ್ಯಾಸ ಏನೆಂದರೆ ವಿದ್ಯುತ್ತಿಗೆ ಹಗೇವು ಇಲ್ಲ. ಜುಲೈನಲ್ಲಿ ಕೊಟ್ಟ ಯೂನಿಟ್ ಜುಲೈನಲ್ಲೇ ಖರ್ಚಾಗಿರುತ್ತದೆ, ಆಗ ಮಾರುಕಟ್ಟೆಯಲ್ಲಿ ಅದಕ್ಕೆ ಬೆಲೆಯೂ ಕಮ್ಮಿ. ಮಾರ್ಚ್‌ನಲ್ಲಿ ಕಾರ್ಖಾನೆ ತನ್ನ ಯೂನಿಟ್ ಕೇಳಿದಾಗ ಎಸ್ಕಾಂ ಬೇರೆ ಕಡೆಯಿಂದ ದುಬಾರಿಗೆ ಕೊಂಡು ಕೊಡಬೇಕು.

ಇದರಿಂದ ನಮಗೆ ನಷ್ಟ ಎಂದು ಎಸ್ಕಾಂಗಳು ಆಯೋಗದ ಮುಂದೆ ಅರ್ಜಿ ಹಾಕಿದವು. 2018ರ ಜನವರಿಯಲ್ಲಿ ಆಯೋಗ ಬ್ಯಾಂಕಿಂಗ್ ಅವಧಿಯನ್ನು ಒಂದು ವರ್ಷದಿಂದ ಆರು ತಿಂಗಳಿಗೆ ಇಳಿಸಿತು. ಉತ್ಪಾದಕರು ವಿದ್ಯುತ್ ಮೇಲ್ಮನವಿ ನ್ಯಾಯಮಂಡಳಿಗೆ ಹೋದರು. 2019ರ ಮಾರ್ಚ್‌ನಲ್ಲಿ ನ್ಯಾಯಮಂಡಳಿ ಆ ಆದೇಶ ರದ್ದು ಮಾಡಿತು. ಆಮೇಲೆ 2022ರಲ್ಲಿ ಕೇಂದ್ರ ಸರ್ಕಾರ ಹಸಿರು ಇಂಧನ ಮುಕ್ತ ಪ್ರವೇಶ ನಿಯಮ ತಂದಿತು. ಅದು ಒಂದು ಕೈಯಲ್ಲಿ ಕೊಟ್ಟಿತು. 1 ಮೆಗಾವ್ಯಾಟ್ ಬೇಡಿಕೆ ಇದ್ದವರಿಗೆ ಮಾತ್ರ ಇದ್ದ ಅವಕಾಶವನ್ನು 100 ಕಿಲೋವ್ಯಾಟ್ ಇದ್ದವರಿಗೂ ತೆರೆಯಿತು. ಅಂದರೆ ತಾರಿಹಾಳದ ಮಧ್ಯಮ ಗಾತ್ರದ ಘಟಕವೂ ಹೊರಗಿನಿಂದ ಹಸಿರು ವಿದ್ಯುತ್ ಕೊಳ್ಳಬಹುದಾಯಿತು. ಇನ್ನೊಂದು ಕಡೆ ಬ್ಯಾಂಕಿಂಗ್ ಲೆಕ್ಕವನ್ನು ತಿಂಗಳಿಗೆ ಇಳಿಸುವ ದಾರಿಯನ್ನೂ ಅದೇ ನಿಯಮ ಮಾಡಿತು. ತಿಂಗಳ ಬ್ಯಾಂಕಿಂಗ್ ಸೋಲಾರಿಗೆ ಹೇಗೋ ನಡೆಯುತ್ತದೆ. ಗಾಳಿಗೆ, ಕಿರು ಜಲವಿದ್ಯುತ್ತಿಗೆ ಅದು ದೊಡ್ಡ ಪೆಟ್ಟು. ಕಿರು ಜಲವಿದ್ಯುತ್ ಕಂಪನಿಗಳು ಹೈಕೋರ್ಟಿಗೆ ಹೋದವು. 2024ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ ಆ ನಿಯಮವನ್ನೂ, ಅದನ್ನು ಆಧರಿಸಿ ಆಯೋಗ ಮಾಡಿದ ನಿಬಂಧನೆಯನ್ನೂ ರದ್ದು ಮಾಡಿತು. ಇಂಥ ನಿಯಮ ಮಾಡುವ ಅಧಿಕಾರ ಕೇಂದ್ರಕ್ಕಿಲ್ಲ ಎಂದಿತು.

ಈ ಜಗಳದಲ್ಲಿ ಎರಡೂ ಕಡೆ ದೊಡ್ಡ ವಕೀಲರಿದ್ದರು. ಎರಡೂ ಕಡೆಯವರು ಪರಿಸರದ ಹೆಸರು, ಜನರ ಹೆಸರು ಹೇಳಿದರು. ಉತ್ಪಾದಕರು ನಾವಿಲ್ಲದೆ ಹವಾಮಾನ ಗುರಿ ಮುಟ್ಟುವುದಿಲ್ಲ ಅಂದರು. ಎಸ್ಕಾಂಗಳು ನಮಗೆ ನಷ್ಟವಾದರೆ ಬಡ ಗ್ರಾಹಕನ ದರ ಏರುತ್ತದೆ ಅಂದವು. ಆದರೆ ಗಾಳಿಯಂತ್ರದ ಕೆಳಗೆ ಹೊಲ ಇರುವ ಮುಂಡರಗಿಯ ರೈತ, ಬೆಟಗೇರಿಯಲ್ಲಿ ಮಗ್ಗ ನಡೆಸುವ ನೇಕಾರ ಯಾವ ಕಡೆಯ ಕಡತದಲ್ಲೂ ಅರ್ಜಿದಾರ ಆಗಿರಲಿಲ್ಲ.

ಗಾಳಿಗೆ ಸಂಬಂಧಿಸಿದ ಇನ್ನೊಂದು ವಿಷಯ ಇದೆ, ಬೇಗ ಹೇಳಿಬಿಡುತ್ತೇನೆ. ಗದಗದಲ್ಲಿ ಕೇಂದ್ರದ ಅಂತರರಾಜ್ಯ ಪ್ರಸರಣ ಜಾಲಕ್ಕೆ ವಿದ್ಯುತ್ ಸೇರಿಸುವ ದೊಡ್ಡ ಪೂಲಿಂಗ್ ಸ್ಟೇಷನ್ ಬಂದಿದೆ. 2025ರ ಜೂನ್ 30ರೊಳಗೆ ಚಾಲೂ ಆದ ಗಾಳಿ, ಸೋಲಾರ್ ಯೋಜನೆಗಳಿಗೆ ಈ ಜಾಲದ ಶುಲ್ಕ ಪೂರ್ತಿ ಮಾಫಿ. ಆಮೇಲೆ ಬಂದವಕ್ಕೆ ಹಂತಹಂತವಾಗಿ ಶುಲ್ಕ ಬೀಳುತ್ತದೆ. ಇಲ್ಲಿ ಲಾಬಿ ಮಾಡಿದವರು ಹಸಿರು ವಿದ್ಯುತ್ ಕಂಪನಿಗಳು. ಮಾಫಿ ಮುಂದುವರಿಸಿ ಎಂದು ಕೊನೆಯವರೆಗೂ ಕೇಳಿದರು. ಮಾಫಿ ಆದ ದುಡ್ಡು ಮಾಯ ಆಗುವುದಿಲ್ಲ, ಜಾಲ ಬಳಸುವ ಉಳಿದವರ ಮೇಲೆ ಬೀಳುತ್ತದೆ. ಅವರಲ್ಲಿ ನಮ್ಮ ಎಸ್ಕಾಂಗಳೂ ಸೇರಿವೆ. ಹಸಿರು ಕಂಪನಿ ಕೇಳಿದ್ದೆಲ್ಲ ಒಳ್ಳೆಯದು, ಎಸ್ಕಾಂ ಕೇಳಿದ್ದೆಲ್ಲ ಕೆಟ್ಟದ್ದು ಅಂತ ಸುಮ್ನೆ ನಂಬಿಬಿಡಬಾರದು.

ದೆಹಲಿಯ ಬಾಗಿಲು ಎಷ್ಟು ಬೇಗ ತೆರೆಯುತ್ತದೆ, ಮುಚ್ಚುತ್ತದೆ ಎಂಬುದಕ್ಕೆ ನೆಟ್ ಮೀಟರಿಂಗ್ ನೋಡಿ. ಚಾವಣಿಯಲ್ಲಿ ಹುಟ್ಟಿದ ಯೂನಿಟ್ಟನ್ನು ನಾವು ಬಳಸಿದ ಯೂನಿಟ್ಟಿನಲ್ಲಿ ಕಳೆದು, ಉಳಿದದ್ದಕ್ಕೆ ಬಿಲ್ ಮಾಡುವುದು ನೆಟ್ ಮೀಟರಿಂಗ್. ಹುಟ್ಟಿದ್ದನ್ನೆಲ್ಲ ಕಂಪನಿಗೆ ಕಡಿಮೆ ದರಕ್ಕೆ ಮಾರಿ, ಬಳಸಿದ್ದಕ್ಕೆಲ್ಲ ಪೂರ್ತಿ ದರ ಕಟ್ಟುವುದು ಗ್ರಾಸ್ ಮೀಟರಿಂಗ್. 2020ರ ಡಿಸೆಂಬರ್ 31ರಂದು ಕೇಂದ್ರ ಸರ್ಕಾರ ಗ್ರಾಹಕರ ಹಕ್ಕುಗಳ ನಿಯಮ ಹೊರಡಿಸಿತು. ಹೆಸರೇನೋ ಗ್ರಾಹಕರ ಹಕ್ಕು. ಒಳಗೆ ಒಂದು ಸಾಲು ಇತ್ತು: 10 ಕಿಲೋವ್ಯಾಟ್‌ವರೆಗೆ ನೆಟ್ ಮೀಟರಿಂಗ್, ಅದರಾಚೆ ಗ್ರಾಸ್ ಮೀಟರಿಂಗ್. ಮನೆಗಳಿಗೆ ಇದರಿಂದ ತೊಂದರೆ ಇರಲಿಲ್ಲ. ಸಣ್ಣ ಕೈಗಾರಿಕೆಗೆ, ಶಾಲೆಗೆ, ಆಸ್ಪತ್ರೆಗೆ ಸೋಲಾರ್ ಹಾಕಿಸುವುದೇ ದಂಡ ಅನ್ನುವಂತಾಯಿತು. ಹೆಚ್ಚು ದರ ಕಟ್ಟುವ ಗ್ರಾಹಕರು ಕೈಬಿಟ್ಟು ಹೋಗಬಾರದು ಎಂಬ ಎಸ್ಕಾಂಗಳ ಹಳೇ ಕಾಳಜಿ ಈ ಸಾಲಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಸೋಲಾರ್ ಉದ್ಯಮ, ಸಣ್ಣ ಕೈಗಾರಿಕೆಗಳು ಗಲಾಟೆ ಎಬ್ಬಿಸಿದವು. ಆರೇ ತಿಂಗಳಲ್ಲಿ, 2021ರ ಜೂನ್‌ನಲ್ಲಿ, 10 ಇದ್ದದ್ದು 500 ಕಿಲೋವ್ಯಾಟ್ ಆಯಿತು. ಒಂದು ಅಂಕಿ ಐವತ್ತು ಪಟ್ಟು ಬದಲಾಯಿತು, ಸಂಸತ್ತಿನಲ್ಲಿ ಒಂದು ಚರ್ಚೆಯೂ ಇಲ್ಲದೆ.

ಕಲ್ಲಿದ್ದಲಿನ ಕಡೆಯ ಲಾಬಿ ಕೆಲಸ ಮಾಡುವುದು ಬೇರೆ ರೀತಿ. ಅದು ನಿಯಮ ಬೇಡ ಅನ್ನುವುದಿಲ್ಲ, ಟೈಮ್ ಕೇಳುತ್ತದೆ. 2015ರ ಡಿಸೆಂಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಉಷ್ಣ ಸ್ಥಾವರಗಳ ಹೊಗೆಗೆ ಮಿತಿ ಹಾಕಿತು. ಗಂಧಕದ ಡೈಆಕ್ಸೈಡ್ ತಡೆಯುವ ಉಪಕರಣವನ್ನು ಎರಡು ವರ್ಷದಲ್ಲಿ ಕೂರಿಸಬೇಕಿತ್ತು. ಖಾಸಗಿ ಉತ್ಪಾದಕರ ಸಂಘ ಖರ್ಚು ಜಾಸ್ತಿ, ಸಾಮಾನು ಸಿಗುವುದಿಲ್ಲ ಅಂದಿತು. ಇಂಧನ ಸಚಿವಾಲಯ ಅವರ ಪರ ನಿಂತಿತು. ಗಡುವು 2017ರಿಂದ 2022ಕ್ಕೆ ಹೋಯಿತು. ಆಮೇಲೆ ಸ್ಥಾವರಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ ಮತ್ತೆ ಮುಂದೆ, ಮತ್ತೂ ಮುಂದೆ. 2024ರ ಕೊನೆಗೆ ಇನ್ನೊಂದು ಸಲ ಮುಂದೆ ಹೋಯಿತು. 2025ರ ಜುಲೈನಲ್ಲಿ ದೇಶದ ಮುಕ್ಕಾಲು ಪಾಲಿಗಿಂತ ಹೆಚ್ಚು ಸ್ಥಾವರಗಳಿಗೆ ವಿನಾಯಿತಿಯನ್ನೇ ಕೊಟ್ಟರು. ಹತ್ತು ವರ್ಷ ಕಾಯಿಸಿ ಕೊನೆಗೆ ನಿಯಮವೇ ಬಹುಪಾಲು ಇಲ್ಲದಂತಾಯಿತು.

ಇದು ನೇರವಾಗಿ ಹವಾಮಾನದ ನಿಯಮ ಅಲ್ಲ, ಉಸಿರಾಡುವ ಗಾಳಿಯ ನಿಯಮ. ಆದರೆ ಸ್ಥಾವರಗಳು ಅವೇ, ಕೇಳುವವರೂ ಅವರೇ, ಕೇಳುವ ರೀತಿಯೂ ಅದೇ. ಹೆಸ್ಕಾಂ ವ್ಯಾಪ್ತಿಯಲ್ಲೇ, ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ, ಎನ್‌ಟಿಪಿಸಿಯ 2,400 ಮೆಗಾವ್ಯಾಟ್ ಕಲ್ಲಿದ್ದಲು ಸ್ಥಾವರ ಇದೆ. ಹೀಗಾಗಿ ದೆಹಲಿಯ ಈ ಗಡುವಿನ ಆಟ ನಮಗೆ ದೂರದ ಸುದ್ದಿಯಲ್ಲ. ಹೊಗೆ ತಡೆಯುವ ಖರ್ಚನ್ನು ಕೊನೆಗೆ ಬಿಲ್ಲಿನಲ್ಲಿ ವಸೂಲಿ ಮಾಡಲು ಸರ್ಕಾರ 2018ರಲ್ಲೇ ಒಪ್ಪಿತ್ತು ಎಂಬುದನ್ನೂ ಮರೆಯಬಾರದು. ಹಾಗಾದ ಮೇಲೆ ಕಂಪನಿಗೆ ಖರ್ಚು ಭಾರ ಎಂಬ ವಾದಕ್ಕೆ ನನ್ನ ದೃಷ್ಟಿಯಲ್ಲಿ ಬಲ ಉಳಿಯುವುದಿಲ್ಲ.

ಇನ್ನು ಪಂಪ್‌ಸೆಟ್. ಇದರ ಬಗ್ಗೆ ಸ್ವಲ್ಪ ನಿಧಾನವಾಗಿಯೇ ಮಾತಾಡಬೇಕು, ಯಾಕೆಂದರೆ ನಮ್ಮ ಭಾಗದ ಹವಾಮಾನ ನೀತಿ ಅಂತ ಏನಾದರೂ ಇದ್ದರೆ ಅದು ಬೋರ್‌ವೆಲ್ಲಿನ ಬಾಯಲ್ಲಿದೆ. ಬಹುತೇಕ ಪಂಪ್‌ಸೆಟ್ಟಿಗೆ ಮೀಟರ್ ಇಲ್ಲ. ರೈತರು ಎಷ್ಟು ಬಳಸಿದರು ಎಂಬುದು ಅಂದಾಜು. ಆ ಅಂದಾಜಿನ ಮೇಲೆ ಸರ್ಕಾರ ಸಹಾಯಧನ ಕೊಡುತ್ತದೆ. ಅಂದಾಜು ಜಾಸ್ತಿ ತೋರಿಸಿದರೆ ಕಂಪನಿಗೆ ಎರಡು ಲಾಭ. ಸಹಾಯಧನ ಜಾಸ್ತಿ ಬರುತ್ತದೆ. ಲೈನಿನಲ್ಲಿ ಸೋರಿದ್ದು, ಕಳುವಾದದ್ದು ರೈತರ ಹೆಸರಿನಲ್ಲಿ ಮುಚ್ಚಿಹೋಗುತ್ತದೆ. ಎಸ್ಕಾಂಗಳು ಬೇಕಂತಲೇ ಹೀಗೆ ಮಾಡುತ್ತವೆ ಎಂದು ನಾನು ಹೇಳುತ್ತಿಲ್ಲ, ವ್ಯವಸ್ಥೆ ಆ ಕಡೆ ತಳ್ಳುತ್ತದೆ ಅನ್ನುತ್ತಿದ್ದೇನೆ. ಆಯೋಗಕ್ಕೂ ಇದು ಗೊತ್ತು. ಅದಕ್ಕೇ ಫೀಡರ್ (ಸಬ್‌ಸ್ಟೇಷನ್ನಿನಿಂದ ಟಿಸಿಗಳಿಗೆ ಹೋಗುವ ಲೈನು) ಮೀಟರಿನ ಲೆಕ್ಕ ಕೊಡಿ, ಟಿಸಿಗೆ ಮೀಟರ್ ಹಾಕಿ ಎಂದು ಅದು ದರ ಆದೇಶಗಳಲ್ಲಿ ಮತ್ತೆ ಮತ್ತೆ ಹೇಳುತ್ತಾ ಬಂದಿದೆ.

ಕಡಿಮೆ ಕರೆಂಟಿನಲ್ಲಿ ಅಷ್ಟೇ ನೀರೆತ್ತುವ ಪಂಪ್ ಹಾಕಿಸುವ ಪ್ರಯೋಗ ಬ್ಯಾಡಗಿ ಕಡೆ ಕೆಲವು ನೂರು ಪಂಪುಗಳಲ್ಲಿ ನಡೆದಿತ್ತು. ಅದು ಅಲ್ಲಿಗೇ ನಿಂತ ಹಾಗಿದೆ. ದುಡ್ಡು ಉಳಿದರೆ ಯಾರಿಗೆ ಉಳಿಯುತ್ತದೆ ಎಂಬುದೇ ಸ್ಪಷ್ಟವಿಲ್ಲದ ಕಡೆ ಉಳಿತಾಯದ ಪರ ಲಾಬಿ ಮಾಡುವವರು ಹುಟ್ಟುವುದಿಲ್ಲ. ರೈತರಿಗೆ ಕರೆಂಟ್ ಉಚಿತ, ಉಳಿಸಿದರೆ ಅವರಿಗೆ ಏನೂ ಸಿಗುವುದಿಲ್ಲ. ಕಂಪನಿಗೆ ಸಹಾಯಧನ ಕಮ್ಮಿ ಆಗುತ್ತದೆ. ಉಳಿಯುವುದು ಸರ್ಕಾರಕ್ಕೆ, ಆದರೆ ಮೀಟರ್ ಎಂಬ ಮಾತೆತ್ತಿದರೆ ಓಟು ಹೋಗುವ ಹೆದರಿಕೆ.

ಮೀಟರ್ ಅಂದರೆ ರೈತರಿಗೂ ಹೆದರಿಕೆ, ಅದಕ್ಕೆ ಕಾರಣ ಇದೆ. ಇವತ್ತು ಮೀಟರ್ ಹಾಕಿದರೆ ನಾಳೆ ಬಿಲ್ ಬರುತ್ತದೆ ಎಂದು ಅವರು ನಂಬಿದ್ದಾರೆ. 2022ರ ಆಗಸ್ಟ್‌ನಲ್ಲಿ ಲೋಕಸಭೆಯಲ್ಲಿ ಮಂಡನೆಯಾದ ವಿದ್ಯುತ್ ತಿದ್ದುಪಡಿ ಮಸೂದೆಯನ್ನು ರೈತ ಸಂಘಟನೆಗಳೂ, ವಿದ್ಯುತ್ ನೌಕರರ ಸಂಘಗಳೂ ಸೇರಿ ವಿರೋಧಿಸಿದ್ದು ಇದೇ ಅನುಮಾನದಿಂದ. ಒಂದೇ ಊರಲ್ಲಿ ಹಲವು ಕಂಪನಿ ಬಂದರೆ ಒಳ್ಳೆಯ ಗ್ರಾಹಕರನ್ನು ಖಾಸಗಿಯವರು ಆರಿಸಿಕೊಂಡು ಹೋಗುತ್ತಾರೆ ಎಂಬುದು ವಾದ. ಮಸೂದೆ ಸ್ಥಾಯಿ ಸಮಿತಿಗೆ ಹೋಗಿ ಅಲ್ಲೇ ಉಳಿಯಿತು. ನೌಕರರ ಸಂಘದ ಲಾಬಿ, ರೈತರ ಲಾಬಿ ಗೆದ್ದ ಅಪರೂಪದ ಸಂದರ್ಭ ಅದು. ಸಂಘಟಿತರಾದವರ ಮಾತು ಕೇಳುತ್ತದೆ ಎಂಬುದಕ್ಕೆ ಸಾಕ್ಷಿಯೂ ಹೌದು.

2023ರ ಅಕ್ಟೋಬರ್ ನೆನಪಿದೆಯಾ? ಮಳೆ ಕೈಕೊಟ್ಟಿತ್ತು. ಎಲ್ಲರೂ ಒಮ್ಮೆಲೇ ಪಂಪ್ ಹಾಕಿದರು. ರೈತರ ತ್ರೀಫೇಸ್ ಕರೆಂಟನ್ನು ಏಳು ತಾಸಿನಿಂದ ಐದು ತಾಸಿಗೆ ಇಳಿಸಿದರು. ಬೆಳೆ ಒಣಗುತ್ತಿದ್ದ ಹೊತ್ತಿನಲ್ಲಿ ರೈತರು ಬೀದಿಗಿಳಿದರು. ರಾಜ್ಯ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಕಲಂ ಬಳಸಿ, ರಾಜ್ಯದೊಳಗಿನ ಉತ್ಪಾದಕರು ವಿದ್ಯುತ್ತನ್ನು ಹೊರಗೆ ಮಾರದೆ ಇಲ್ಲಿಗೇ ಕೊಡಬೇಕು ಎಂದಿತು. ಹವಾಮಾನ ಬದಲಾವಣೆ ಅಂದರೆ ನಮ್ಮ ಹೊಲಕ್ಕೆ ಬರುವುದು ಈ ರೂಪದಲ್ಲೇ. ಫೀಡರ್ ಹತ್ತಿರವೇ ಸಣ್ಣ ಸೋಲಾರ್ ಸ್ಥಾವರ ಕಟ್ಟಿ ಪಂಪುಗಳಿಗೆ ಹಗಲಲ್ಲೇ ಕರೆಂಟ್ ಕೊಡುವ ಕುಸುಮ್ ಯೋಜನೆಗೆ ರಾಜ್ಯದಲ್ಲಿ ಈಗ ವೇಗ ಬಂದಿದೆ. ಇದರಲ್ಲಿ ರೈತರಿಗೆ ಹಗಲು ಕರೆಂಟ್, ಕಂಪನಿಗೆ ಅಗ್ಗದ ಯೂನಿಟ್, ಸರ್ಕಾರಕ್ಕೆ ಸಹಾಯಧನದ ಉಳಿತಾಯ. ಎಸ್ಕಾಂಗಳು ಮನಸಾರೆ ಕೇಳುತ್ತಿರುವ ಹವಾಮಾನ ಯೋಜನೆ ಇದೊಂದೇ ಅಂತ ನನಗೆ ಅನಿಸುತ್ತದೆ. ಯಾಕೆಂದರೆ ಇಲ್ಲಿ ಕಳೆದುಕೊಳ್ಳುವುದು ದುಡ್ಡು ಕೊಡದ ಮಾರಾಟವನ್ನು.

ಅದೇ ಮನೆ ಚಾವಣಿಗೆ ಬಂದರೆ ಉತ್ಸಾಹ ಇಲ್ಲ. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನ ಇದೆ. ಆದರೆ ತಿಂಗಳಿಗೆ 200 ಯೂನಿಟ್‌ವರೆಗೆ ಬಿಲ್ಲೇ ಇಲ್ಲದ ಮನೆಯವರು ಕೈಯಿಂದ ದುಡ್ಡು ಹಾಕಿ ಸೋಲಾರ್ ಯಾಕೆ ಹಾಕಿಸುತ್ತಾರೆ? ಗೃಹಜ್ಯೋತಿಗೆ ಕೊಡುವ ದುಡ್ಡಿನಲ್ಲಿ ಒಂದು ಪಾಲನ್ನು ಚಾವಣಿ ಸೋಲಾರಿಗೆ ತಿರುಗಿಸಿದರೆ ಕೆಲವು ವರ್ಷದಲ್ಲಿ ಆ ಮನೆಯ ಸಹಾಯಧನವೇ ಬೇಕಾಗುವುದಿಲ್ಲ. ಈ ಲೆಕ್ಕ ಸರ್ಕಾರಕ್ಕೆ ಗೊತ್ತಿಲ್ಲ ಅಂತಲ್ಲ. ಕೇಳುವವರು ಇಲ್ಲ ಅಷ್ಟೇ.

ದೊಡ್ಡ ಗ್ರಾಹಕರನ್ನು ಉಳಿಸಿಕೊಳ್ಳಲು ಬೇರೆ ದಾರಿಯೂ ಇದೆ ಎಂದು ಆಯೋಗವೇ ತೋರಿಸಿದೆ. 2024ರ ಆದೇಶದಲ್ಲಿ ಎಚ್‌ಟಿ (ಹೈಟೆನ್ಷನ್ ಲೈನಿನಿಂದ ಕರೆಂಟ್ ಪಡೆಯುವ) ಕೈಗಾರಿಕೆಗೆ ಯೂನಿಟ್ಟಿಗೆ 50 ಪೈಸೆ, ಎಚ್‌ಟಿ ವಾಣಿಜ್ಯಕ್ಕೆ 1 ರೂಪಾಯಿ 25 ಪೈಸೆ ಇಳಿಸಿತು. ಸೋಲಾರಿಗೆ ಅಡ್ಡಗಾಲು ಹಾಕಿ ಗ್ರಾಹಕರನ್ನು ಹಿಡಿದಿಡುವುದಕ್ಕಿಂತ ಇದು ಸರಿಯಾದ ದಾರಿ. ಹಗಲಲ್ಲಿ ಬಿಸಿಲಿನ ವಿದ್ಯುತ್ ಹೇರಳವಾಗಿ ಸಿಗುವಾಗ ದರ ಇಳಿಸಿದರೆ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜಿನವರು ಮಧ್ಯಾಹ್ನವೇ ಜಾಸ್ತಿ ತಣ್ಣಗೆ ಮಾಡಿಟ್ಟುಕೊಂಡು ಸಂಜೆ ಯಂತ್ರ ನಿಲ್ಲಿಸಬಹುದು. ಆ ಹೊತ್ತಿನ ಕಲ್ಲಿದ್ದಲು ಅಷ್ಟು ಉಳಿಯುತ್ತದೆ. ಹೊತ್ತಿಗೊಂದು ದರದ ಪದ್ಧತಿಗೆ ಕೇಂದ್ರ 2023ರಲ್ಲೇ ನಿಯಮ ಮಾಡಿದೆ. ಸೋಲಾರ್ ಹೊತ್ತಿನಲ್ಲಿ ದರ ಕನಿಷ್ಠ ಶೇಕಡಾ 20 ಕಮ್ಮಿ ಇರಬೇಕು ಎಂದಿದೆ.

ಇದನ್ನೆಲ್ಲ ಹೇಳಲು ಒಂದು ಜಾಗ ಇದೆ, ಆಯೋಗದ ಸಾರ್ವಜನಿಕ ವಿಚಾರಣೆ. ನಮ್ಮ ಭಾಗದ ಸಭೆಗೆ ಹೋದವರಿಗೆ ಅಲ್ಲಿನ ಮುಖಗಳು ಗೊತ್ತು. ಕಂಪನಿಯ ಅಧಿಕಾರಿಗಳು, ವಾಣಿಜ್ಯೋದ್ಯಮ ಸಂಸ್ಥೆಯ ಪ್ರತಿನಿಧಿಗಳು, ಕೆಲವು ಕೈಗಾರಿಕಾ ಸಂಘದವರು, ನಿವೃತ್ತ ಇಂಜಿನಿಯರುಗಳು, ಹಸಿರು ಶಾಲಿನ ರೈತ ಮುಖಂಡರು. ಕೈಗಾರಿಕೆಯವರು ಅಂಕಿಅಂಶ ತರುತ್ತಾರೆ. ರೈತರು ಟಿಸಿ ಸುಟ್ಟದ್ದು, ಸೆಕ್ಷನ್ ಆಫೀಸಿನಲ್ಲಿ ಅಲೆಸಿದ್ದು ಹೇಳುತ್ತಾರೆ. ಅದು ಹೇಳಲೇಬೇಕಾದ ಮಾತು. ಆದರೆ ವಿದ್ಯುತ್ ಖರೀದಿಯ ಪಟ್ಟಿ, ಹೊಸ ಕಲ್ಲಿದ್ದಲು ಒಪ್ಪಂದ, ಪಂಪ್‌ಸೆಟ್ ಅಂದಾಜು ಇವುಗಳ ಬಗ್ಗೆ ಪ್ರಶ್ನೆ ಬರುವುದು ಕಮ್ಮಿ. ಮನೆ ಗ್ರಾಹಕರಂತೂ ಕಾಣುವುದೇ ಇಲ್ಲ.

ಅಮೆರಿಕದಲ್ಲಿ ಕೊಲೊರಾಡೊ, ಕನೆಕ್ಟಿಕಟ್, ಮೇನ್ ರಾಜ್ಯಗಳು 2023ರಲ್ಲಿ ಕಾನೂನು ಮಾಡಿ, ಕಂಪನಿಯ ಲಾಬಿ ಖರ್ಚನ್ನು ಗ್ರಾಹಕರ ಬಿಲ್ಲಿನಲ್ಲಿ ಸೇರಿಸಬಾರದು ಎಂದವು. ನಮ್ಮಲ್ಲೂ ಎಸ್ಕಾಂಗಳ ವಕೀಲರ ಫೀಸು ಕೊನೆಗೆ ದರದಲ್ಲೇ ಸೇರುತ್ತದೆ. ಚಾವಣಿ ಸೋಲಾರ್ ವಿರುದ್ಧ ಕಂಪನಿ ಕೇಸ್ ಹಾಕಿದರೆ ಚಾವಣಿಯವರೇ ಅದರ ಖರ್ಚಿನಲ್ಲಿ ಪಾಲು ಕೊಟ್ಟಂತೆ. ಸರ್ಕಾರಿ ಕಂಪನಿಗೆ ಕೋರ್ಟಿಗೆ ಹೋಗಬೇಡಿ ಅನ್ನಲು ಆಗುವುದಿಲ್ಲ. ಆದರೆ ಯಾವ ಕೇಸಿಗೆ ಎಷ್ಟು ಖರ್ಚಾಯಿತು, ಅದರಿಂದ ಗ್ರಾಹಕರಿಗೆ ಏನು ಉಳಿಯಿತು ಎಂದು ಕೇಳಬಹುದು.

ಕೇಳುವ ದಾರಿ ಕಷ್ಟದ್ದಲ್ಲ. ಹೆಸ್ಕಾಂ ಸಾಮಾನ್ಯವಾಗಿ ನವೆಂಬರ್ ಕೊನೆಗೆ ಆಯೋಗಕ್ಕೆ ಅರ್ಜಿ ಸಲ್ಲಿಸುತ್ತದೆ. ಆಮೇಲೆ ಅದರ ಸಾರ ಕನ್ನಡ ಪತ್ರಿಕೆಗಳಲ್ಲಿ ಜಾಹೀರಾತಾಗಿ ಬರುತ್ತದೆ, ಪೂರ್ತಿ ಅರ್ಜಿ ವೆಬ್‌ಸೈಟಿನಲ್ಲಿ ಸಿಗುತ್ತದೆ. ಜಾಹೀರಾತಿನಲ್ಲಿ ಕೊಟ್ಟ ದಿನದೊಳಗೆ ಯಾರು ಬೇಕಾದರೂ ಆಕ್ಷೇಪಣೆ ಹಾಕಬಹುದು. ಕನ್ನಡದಲ್ಲೇ ಬರೆಯಬಹುದು, ಒಂದು ಪುಟವಾದರೂ ಸಾಕು, ಜೊತೆಗೆ ಒಂದು ಪ್ರಮಾಣಪತ್ರ. ಅದರ ಒಂದು ನಕಲು ಹೆಸ್ಕಾಂಗೂ ಹೋಗಬೇಕು. ಕಂಪನಿ ಉತ್ತರ ಕೊಡಬೇಕು, ಆ ಪ್ರಶ್ನೆಯೂ ಉತ್ತರವೂ ದರ ಆದೇಶದಲ್ಲಿ ದಾಖಲಾಗುತ್ತವೆ. ಈ ಸಲ ನಾನು ಕೇಳಬೇಕೆಂದಿರುವುದು ಒಂದೇ. ಸೋಲಾರ್, ಪವನ ವಿದ್ಯುತ್, ಕಲ್ಲಿದ್ದಲು ಕುರಿತ ಕರಡು ನಿಯಮಗಳಿಗೆ ಹೆಸ್ಕಾಂ ಕಳೆದ ಮೂರು ವರ್ಷದಲ್ಲಿ ಇಂಧನ ಇಲಾಖೆಗೆ, ಕೇಂದ್ರಕ್ಕೆ ಬರೆದ ಅಭಿಪ್ರಾಯಗಳ ಪ್ರತಿಯನ್ನೆಲ್ಲ ದರ ಅರ್ಜಿಯ ಜೊತೆಗೇ ಪ್ರಕಟಿಸಲಿ. ಇನ್ನೂ ನಾಲ್ಕು ಊರಿನವರು, ಗದಗದವರು, ಹಾನಗಲ್ಲಿನವರು, ರಾಣೆಬೆನ್ನೂರಿನವರು, ನವಲಗುಂದದವರು ಇದನ್ನೇ ಬೇರೆ ಬೇರೆಯಾಗಿ ಬರೆದು ಹಾಕಿದರೆ ಆಯೋಗ ಅದನ್ನು ಒಬ್ಬರ ಹಠ ಅಂತ ಪಕ್ಕಕ್ಕಿಡುವುದು ಕಷ್ಟ.